ಏಳನೇ ಮೊಳೆ

ಆ ಶನಿವಾರ ಬೆಳಗಾಯಿತು, ಬೆಳಕಾಗಲಿಲ್ಲ. ನಾಗರಬಾವಿಯ ಮೇಲೆ ಮೋಡ ಇಳಿದು ಕೂತಿತ್ತು. ಮಳೆಯಿಲ್ಲ, ಗಾಳಿಯಿಲ್ಲ. ಆಯುಧಪೂಜೆಗೆಂದು ಬಾಗಿಲುಗಳಿಗೆ ಕಟ್ಟಿದ್ದ ಬಾಳೆಕಂದುಗಳು ಮೂರು ದಿನಕ್ಕೆ ಬಾಡಿ, ಅಲುಗದೆ ನಿಂತಿದ್ದವು. ಒಡೆದ ಬೂದುಗುಂಬಳದ ಹೋಳುಗಳಲ್ಲಿ ಕುಂಕುಮ ಇನ್ನೂ ಕೆಂಪಗಿತ್ತು. ಪಟಾಲಮ್ಮನ ಗುಡಿಯೊಳಗಿನ ದೀಪವೊಂದೇ ಆ ಬೀದಿಗೆ ಬೆಳಕು. ಅದು ಎದುರಿನ ಮೂರು ಮಹಡಿ ಕಟ್ಟಡದ ಕಿಟಕಿಗೂ ಕಾಣುತ್ತಿತ್ತು.

ಎರಡನೇ ಮಹಡಿಯ ಆ ಕಿಟಕಿಯ ಪಕ್ಕ ನಿಂತು ರಾಗಿಣಿ ಗೋಡೆಗೆ ಹೊಡೆದ ಹಲಗೆಯನ್ನು ನೋಡುತ್ತಿದ್ದಳು. ಹನ್ನೆರಡು ಮೊಳೆ. ಹನ್ನೊಂದು ರಿಮೋಟು. ಏಳನೇ ಮೊಳೆ ಬರಿದು.

"ಪೊಲೀಸ್ನೋರು ಇಡೀ ಬಿಲ್ಡಿಂಗ್ ಜಾಲಾಡಿದ್ರು ಮೇಡಂ," ಎಂದಳು ರಮ್ಯಶ್ರೀ. "ನಮ್ಮನೇಲಿ ಅಕ್ಕಿ ಡಬ್ಬಾನೂ ಸುರಿದು ನೋಡಿದ್ರು. ಸಿಗಲಿಲ್ಲ."

ರಮ್ಯಶ್ರೀ ಈ ರೋಬೋಟ್ ತರಗತಿಯ ಸಹಾಯಕ ಶಿಕ್ಷಕಿ. ತರಗತಿ ನಡೆಸುವ ಶ್ಯಾಮಸುಂದರ ಮೇಷ್ಟ್ರು ಬುಧವಾರ, ಆಯುಧಪೂಜೆಯ ಸಂಜೆ, ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು. ಅಂದಿನಿಂದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲ. ನಿನ್ನೆ ಸಂಜೆ ಪೊಲೀಸರು ರಮ್ಯಶ್ರೀಯ ತಮ್ಮ, ಎಲೆಕ್ಟ್ರಿಷಿಯನ್ ಮಂಜುನಾಥನನ್ನು ಹಿಡಿದೊಯ್ದರು. ಇಂದು ನಾಲ್ಕು ಗಂಟೆಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಕೊಲೆ ಯತ್ನದ ಕೇಸು. ಅಲ್ಲಿಂದ ಮುಂದಿನ ದಾರಿ ಜೈಲಿಗೆ.

ವಿಜಯನಗರದಲ್ಲಿ ಎರಡು ಕೋಣೆಯ ಪತ್ತೇದಾರಿ ಆಫೀಸು ಇಟ್ಟುಕೊಂಡು, ಹೆಚ್ಚಿನ ಪಾಲು ಮದುವೆಗೆ ಮುಂಚೆ ಗಂಡು-ಹೆಣ್ಣಿನ ಮನೆತನ ವಿಚಾರಿಸಿ ಹೇಳುವುದೇ ರಾಗಿಣಿಯ ಕಸುಬು. ಆದರೂ ರಮ್ಯಶ್ರೀ ಬೇರೆ ಯಾರ ಹತ್ತಿರವೂ ಹೋಗದೆ ಅವಳ ಬಾಗಿಲಿಗೇ ಬಂದಿದ್ದಳು.

"ರಿಮೋಟ್ ಕಳೆದುಹೋಗಿದ್ದು ಇದಕ್ಕೆ ಮುಂಚೆ ಯಾವಾಗಲಾದರೂ?"

"ಇಲ್ಲ ಮೇಡಂ. ಕ್ಲಾಸ್ ಮುಗಿದ್ಮೇಲೆ ಪ್ರತಿ ಮಗೂನೂ ಸಾರ್ ಮುಂದೆ ನಿಂತು, ಎರಡೂ ಕೈಲಿ ರಿಮೋಟ್ ವಾಪಸ್ ಕೊಡಬೇಕು. ಸಾರೂ ಎರಡೂ ಕೈಲೇ ತೊಗೋತಾರೆ. ಆಮೇಲೆ ಮೊಳೆಗೆ. ಹನ್ನೊಂದು ವರ್ಷದಲ್ಲಿ ಕೊಡದೆ ಹೋದೋರು ಒಬ್ಬರಿಲ್ಲ."

"ಮಂಜುನಾಥನಿಗೂ ಮೇಷ್ಟ್ರಿಗೂ ಜಗಳ ಆಗಿತ್ತಂತೆ?"

ರಮ್ಯಶ್ರೀ ತಲೆ ತಗ್ಗಿಸಿದಳು. "ಬಲ್ಬ್ ವಿಷಯಕ್ಕೆ. ಬೆಳಕಿನ ಸೆನ್ಸರ್ ಪಾಠಕ್ಕೆ ಕತ್ತಲೆ ಬೇಕು, ಹಿಂದಿನ ಮೆಟ್ಟಿಲ ಬಲ್ಬ್ ತೆಗಿ ಅಂದ್ರು ಸಾರ್. ವಯಸ್ಸಾದೋರು ಓಡಾಡೋ ಜಾಗ, ತೆಗೆಯಲ್ಲ ಅಂದ ಇವನು. ಕೊನೆಗೆ ತೆಗೆದ. ಗೊಣಗಾಡ್ಕೊಂಡೇ ತೆಗೆದ. ನಮ್ ಮಂಜನ ಬಾಯಿ ಗೊತ್ತಲ್ಲ, ಬೀದಿಗೆಲ್ಲ ಕೇಳಿಸ್ತು."

ಬುಧವಾರದ ಲೆಕ್ಕ ಇಷ್ಟು. ಎದುರಿನ ದಿನಸಿ ಅಂಗಡಿಯ ಕ್ಯಾಮೆರಾ ಮಂಜುನಾಥನನ್ನು ಎರಡು ಸಲ ಹಿಡಿದಿತ್ತು. ಐದು ಐವತ್ತಕ್ಕೆ ಒಳಗೆ ಹೋದ. ಐದು ಐವತ್ತೆಂಟಕ್ಕೆ ಹೊರಗೆ ಓಡಿದ. ನನ್ನ ಡ್ರಿಲ್ಲಿಂಗ್ ಮೆಷಿನ್ನನ್ನೂ ಪೂಜೆಗೆಂದು ಮೇಷ್ಟ್ರ ಬಳಿ ಇಟ್ಟಿದ್ದೆ, ತರಲು ಹೋದೆ, ಮುಂದಿನ ಬಾಗಿಲು ತಟ್ಟಿದರೆ ಯಾರೂ ತೆಗೆಯಲಿಲ್ಲ, ಹಿಂದಿನ ಕಡೆ ಏನೋ ಬಿದ್ದ ಸದ್ದಾಯಿತು, ಹೋಗಿ ನೋಡಿ ಹೆದರಿ ಓಡಿದೆ ಎಂಬುದು ಅವನ ಮಾತು. ಕೋಣೆಯೊಳಗೆ ಕತ್ತಲೆಯಿತ್ತು, ತಾನು ಒಳಗೆ ಕಾಲಿಡಲಿಲ್ಲ ಎಂದೂ ಹೇಳಿದ್ದ.

ಅವನ ಮಾತನ್ನು ಸುಳ್ಳು ಮಾಡಿದ್ದು ಒಂದು ರೋಬೋಟು.

---

ಹನ್ನೊಂದು ಗಂಟೆಗೆ ಮಾಲವಿಕಾ ಬಂದಳು. ಒಂಬತ್ತನೇ ತರಗತಿ. ಬೆನ್ನಿಗೆ ಚೀಲ, ಕಾಲಲ್ಲಿ ಎರಡು ಬಣ್ಣದ ಸಾಕ್ಸು. ಏಳನೇ ನಂಬರಿನ ರೋಬೋಟು ಅವಳದು. ಅದಕ್ಕೆ ಅವಳಿಟ್ಟ ಹೆಸರು ಪುಟ್ಟಸ್ವಾಮಿ.

"ಪುಟ್ಟಸ್ವಾಮೀನ ಪೊಲೀಸ್ ಅಂಕಲ್ ಕವರ್ ಒಳಗೆ ಹಾಕ್ಕೊಂಡು ಹೋದ್ರು ಆಂಟಿ. ಉಸಿರು ಕಟ್ಟುತ್ತೆ ಅಂದೆ. ನಗಲೂ ಇಲ್ಲ."

ಕಿಟಕಿಯ ಕಟ್ಟೆಯ ಮೇಲೆ ಉಳಿದ ಹನ್ನೊಂದು ರೋಬೋಟುಗಳು ಸಾಲಾಗಿ ಕೂತಿದ್ದವು. ಅಂಗೈಯಗಲದ ಮೈ, ನಾಲ್ಕು ಚಕ್ರ. ಮುಂಭಾಗದಲ್ಲಿ ಎರಡು ಸಣ್ಣ ಕಣ್ಣು. ಒಂದು ಬೆಳಕನ್ನು ಅಳೆಯುವ ಸೆನ್ಸರು, ಇನ್ನೊಂದು ರಿಮೋಟಿನ ಆಜ್ಞೆ ಹಿಡಿಯುವ ಸೆನ್ಸರು. ಹನ್ನೊಂದಕ್ಕೂ ಗಂಧ ಮೆತ್ತಿ, ಕುಂಕುಮ ಇಟ್ಟು, ತಲೆಯ ಮೇಲೊಂದು ಸೇವಂತಿಗೆ ಏರಿಸಲಾಗಿತ್ತು. ಹೂ ಒಣಗಿತ್ತು. ಗಂಧ ಬಿರುಕು ಬಿಟ್ಟಿತ್ತು.

"ಅನಂತಲಕ್ಷ್ಮಿ ಆಂಟಿ ಇಟ್ಟಿದ್ದು," ಎಂದಳು ಮಾಲವಿಕಾ. "ಸಾರ್ ಮನೆಯವರು. ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ. ಹಣೆ ಎಲ್ಲಿ ಅಂತ ಗೊತ್ತಾಗದೆ ಎಲ್ಲದಕ್ಕೂ ಸೆನ್ಸರ್ ಮೇಲೇ ಇಟ್ಬಿಟ್ರು. ಸಾರ್ ನಕ್ಕು, ಅಲ್ಲ ಕಣೇ, ಎಲ್ಲರನ್ನೂ ಕುರುಡು ಮಾಡ್ಬಿಟ್ಟೆಯಲ್ಲ ಅಂದ್ರು. ಒರೆಸೋಕೆ ಹೋದ್ವಿ, ಬೇಡ ಅಂದ್ರು. ಇವತ್ತು ಇವು ದೇವರು, ವಿಜಯದಶಮಿ ಪೂಜೆ ಆಗೋವರೆಗೂ ಯಾರೂ ಓಡಿಸಬಾರದು ಅಂದ್ರು."

ಪೂಜೆಗಿಟ್ಟ ನೇಗಿಲನ್ನು ಅಂದು ಯಾರೂ ಹೊಲಕ್ಕೆ ಒಯ್ಯುವುದಿಲ್ಲ. ಕುಡುಗೋಲು ಸುಮ್ಮನಿರುತ್ತದೆ, ತಕ್ಕಡಿ ಸುಮ್ಮನಿರುತ್ತದೆ. ವರ್ಷವಿಡೀ ನಮ್ಮ ಕೈಗೆ ದುಡಿದ ವಸ್ತುವಿಗೆ ಒಂದು ದಿನದ ನಿದ್ದೆ ಕೊಡುವುದು ನಮ್ಮ ಹಿರಿಯರು ಕಂಡುಕೊಂಡ ಕೃತಜ್ಞತೆ. ಆ ನಿದ್ದೆಯನ್ನು ಯಾರೋ ಕೆಡಿಸಿದ್ದರು.

"ಮತ್ತೆ ಪುಟ್ಟಸ್ವಾಮಿ ಲೆಕ್ಕ ಬರೆದಿದ್ದು ಹೇಗೆ?"

"ಚಕ್ರಕ್ಕೆ ರಜೆ ಆಂಟಿ, ದಿನಚರಿಗೆ ರಜೆ ಇಲ್ಲ."

ಅದು ಮೇಷ್ಟ್ರ ಪಾಠದ ಕ್ರಮ. ದಿನವೂ ಎರಡು ರೋಬೋಟುಗಳು ಬೆಳಕಿನ ದಿನಚರಿ ಬರೆಯಬೇಕು. ಹತ್ತು ಸೆಕೆಂಡಿಗೊಮ್ಮೆ ಸುತ್ತಲಿನ ಬೆಳಕನ್ನು ಅಳೆದು, ಅಂಕಿ ಮಾಡಿ, ಲ್ಯಾಪ್‌ಟಾಪಿಗೆ ಕಳಿಸಬೇಕು. ಬೆಳಕು ಹೆಚ್ಚಿದರೆ ಅಂಕಿ ಹೆಚ್ಚು. ಈ ತಿಂಗಳಿಡೀ ಆ ಕೆಲಸ ಏಳನೇ ನಂಬರಿನದು ಮತ್ತು ಮೂರನೇ ನಂಬರಿನದು.

ರಮ್ಯಶ್ರೀ ಲ್ಯಾಪ್‌ಟಾಪ್ ತೆರೆದಳು. ಬುಧವಾರದ ಏಳನೇ ನಂಬರಿನ ಗೆರೆ ಪರದೆಯ ಮೇಲೆ ಬಂತು. ಬೆಳಿಗ್ಗೆ ಏಳುನೂರರ ಹತ್ತಿರ. ಹತ್ತೂ ಮುಕ್ಕಾಲಿಗೆ ಒಮ್ಮೆಲೇ ಇನ್ನೂರಕ್ಕೆ ಕುಸಿತ. ಅದು ಗಂಧ, ಕುಂಕುಮ. ಮಧ್ಯಾಹ್ನವೆಲ್ಲ ಹಾಗೇ. ಸಂಜೆಗೆ ಇಳಿದಿಳಿದು ತೊಂಬತ್ತು. ಐದು ಐವತ್ತೊಂದಕ್ಕೆ, ಸೂರ್ಯ ಮುಳುಗುತ್ತಿರುವ ಹೊತ್ತಿಗೆ, ಗೆರೆ ಇದ್ದಕ್ಕಿದ್ದಂತೆ ಮುನ್ನೂರ ನಲವತ್ತಕ್ಕೆ ನೆಗೆದಿತ್ತು.

"ಇಲ್ಲೇ ಮೇಡಂ," ಎಂದಳು ರಮ್ಯಶ್ರೀ. "ಯಾರೋ ಟ್ಯೂಬ್‌ಲೈಟ್ ಹಾಕಿದಾರೆ, ಆ ಹೊತ್ತಿಗೆ ಒಳಗಿದ್ದೋನು ಮಂಜುನಾಥ ಒಬ್ಬನೇ, ಕತ್ತಲೆ ಇತ್ತು ಅಂತ ಸುಳ್ಳು ಹೇಳ್ತಿದಾನೆ ಅಂತಾರೆ ಇನ್ಸ್‌ಪೆಕ್ಟರು."

ರಾಗಿಣಿ ಆ ನೆಗೆತದ ಮೇಲೆ ಬೆರಳಿಟ್ಟಳು.

"ಮೂರನೇ ನಂಬರಿನದು ತೋರಿಸು."

ಮಾಲವಿಕಾ ಕೀಲಿ ಒತ್ತಿದಳು. ಅದೇ ಕಿಟಕಿ, ಅದೇ ಕಟ್ಟೆ, ಅದೇ ಸಂಜೆ. ಐದು ಐವತ್ತಕ್ಕೆ ಎಂಬತ್ತೆಂಟು. ಐವತ್ತೊಂದಕ್ಕೆ ಎಂಬತ್ತಾರು. ಐವತ್ತೆರಡಕ್ಕೆ ಎಂಬತ್ತೈದು. ಗೆರೆ ಎಲ್ಲೂ ನೆಗೆಯದೆ, ಸಂಜೆಯ ಜೊತೆ ನಿಧಾನವಾಗಿ ಇಳಿದುಹೋಗಿತ್ತು.

"ಲೈಟ್ ಹಾಕಿದ್ರೆ ಇದೂ ಏರಬೇಕಿತ್ತಲ್ವಾ ಆಂಟಿ?"

"ಏರಬೇಕಿತ್ತು."

ರಾಗಿಣಿ ಠಾಣೆಯಿಂದ ತರಿಸಿಕೊಂಡಿದ್ದ ಫೋಟೋವನ್ನು ಮೊಬೈಲಿನಲ್ಲಿ ತೆರೆದಳು. ಮೇಲಿನಿಂದ ಎರಡನೇ ಮೆಟ್ಟಿಲ ಮೇಲೆ ಮಗುಚಿ ಬಿದ್ದ ಏಳನೇ ನಂಬರು. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಎರಡೂ ಕಣ್ಣು ಸ್ವಚ್ಛ. ಸುತ್ತ ಮಾತ್ರ ತೆಳುವಾದ ಕೆಂಪು ಗೀರು.

"ಮೂರನೇ ರಿಮೋಟ್ ತೊಗೋ. ಓಡಿಸು ಅದನ್ನ."

ಮಾಲವಿಕಾ ಗುಂಡಿ ಒತ್ತಿದಳು. ರೋಬೋಟು ಅಲುಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ.

"ರಿಮೋಟ್ ಸತ್ತಿದೆಯಾ?"

"ಇಲ್ಲ ಆಂಟಿ, ನೋಡಿ." ಹುಡುಗಿ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಒತ್ತಿದಳು. ಬರಿಗಣ್ಣಿಗೆ ಏನೂ ಇಲ್ಲ. ಮೊಬೈಲಿನ ಪರದೆಯಲ್ಲಿ ಮಾತ್ರ ನೇರಳೆ ಬಣ್ಣದ ಚುಕ್ಕಿಯೊಂದು ಮಿಣುಕಿತು. "ನಮಗೆ ಕಾಣದೆ ಇರೋ ಬೆಳಕೂ ಇದೆ, ಕೆಲಸ ಮಾಡೋದೇ ಅದು ಅಂತ ಸಾರ್ ಫಸ್ಟ್ ಕ್ಲಾಸಲ್ಲೇ ತೋರಿಸ್ತಾರೆ."

"ಈಗ ಕಣ್ಣು ಒರೆಸು."

ಮಾಲವಿಕಾ ಕೈ ಮುಗಿದು, ಒಣಗಿದ ಗಂಧವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದಳು. ಲ್ಯಾಪ್‌ಟಾಪಿನಲ್ಲಿ ಅಂಕಿ ನೂರಾ ಇಪ್ಪತ್ತರಿಂದ ನಾನೂರಕ್ಕೆ ನೆಗೆಯಿತು. ನೆಲಕ್ಕಿಟ್ಟು ಗುಂಡಿ ಒತ್ತಿದೊಡನೆ ರೋಬೋಟು ಗೊರ್ ಎಂದು ಮುಂದೆ ಓಡಿ, ರಾಗಿಣಿಯ ಕಾಲ ಬೆರಳಿಗೆ ಮುಟ್ಟಿ ನಿಂತಿತು.

ರಾಗಿಣಿ ಬಗ್ಗಿ ಅದನ್ನು ಎತ್ತಿ ಮತ್ತೆ ಕಟ್ಟೆಯ ಮೇಲಿಟ್ಟಳು.

"ಬುಧವಾರ ಯಾರೂ ದೀಪ ಹಾಕಲಿಲ್ಲ," ಎಂದಳು. "ಕಣ್ಣು ಒರೆಸಿದರು. ರಿಮೋಟಿನ ಮಾತು ಅದಕ್ಕೆ ಕೇಳಲಿ ಅಂತ. ಆಮೇಲೆ ಹಿಂದಿನ ಬಾಗಿಲಿಗೆ, ಅಲ್ಲಿಂದ ಮೆಟ್ಟಿಲಿಗೆ ಓಡಿಸಿದರು. ಕತ್ತಲೆಯ ಮೆಟ್ಟಿಲು. ಕಾಲ ಕೆಳಗೆ ಚಕ್ರದ ಸಾಮಾನು."

"ಮಂಜನಿಗೆ ಇದ್ಯಾವುದೂ ಗೊತ್ತಿಲ್ಲ ಮೇಡಂ," ಎಂದಳು ರಮ್ಯಶ್ರೀ. "ಇವುಗಳಲ್ಲಿ ಸೆನ್ಸರ್ ಯಾವುದು ಅಂತಾನೇ ಗೊತ್ತಿಲ್ಲ ಅವನಿಗೆ. ಇವಕ್ಕೆ ಮಕ್ಕಳಾಟದ ಸಾಮಾನು ಅಂತಾನೆ."

"ಹೌದು. ಇದನ್ನು ಮಾಡಿದವರಿಗೆ ಈ ತರಗತಿ ಗೊತ್ತು."

ಮಾಲವಿಕಾ ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು. "ಆಂಟಿ, ಇನ್ನೊಂದು ಇದೆ. ಸೆನ್ಸರ್ ಕೆಟ್ಟಿದೆ ಅನ್ಕೊಂಡು ನಾನು ಯಾರಿಗೂ ಹೇಳಿಲ್ಲ."

ಅವಳು ಹಿಂದಿನ ದಿನಗಳ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಸೋಮವಾರ. ಮಂಗಳವಾರ. ಅದರ ಹಿಂದಿನ ವಾರ. ಅದರ ಹಿಂದಿನದು. ಪ್ರತಿ ಸಂಜೆ ಐದು ನಲವತ್ತಕ್ಕೆ ಏಳನೇ ನಂಬರಿನ ಬೆಳಕು ಕುಗ್ಗುತ್ತಿತ್ತು. ಕಿಟಕಿಯಿಂದ ಎತ್ತಿ ಬೇರೆಲ್ಲೋ ಇಟ್ಟ ಹಾಗೆ. ಐದು ಐವತ್ತೈದಕ್ಕೆ ಗೆರೆಯಲ್ಲೊಂದು ಆಳದ ಹಳ್ಳ, ಒಂದೆರಡು ಅಂಕಿಯಷ್ಟು ಅಗಲ. ಆರೂ ಹತ್ತಕ್ಕೆ ಮತ್ತೆ ಕಿಟಕಿಯ ಬೆಳಕು.

ಇಪ್ಪತ್ತಾರು ಸಂಜೆ. ಇಪ್ಪತ್ತಾರು ಹಳ್ಳ. ಎಲ್ಲವೂ ಐದು ಐವತ್ತೈದರ ಆಸುಪಾಸು.

"ಇದೇನು?" ರಮ್ಯಶ್ರೀ ಪಿಸುಗುಟ್ಟಿದಳು.

"ನೆರಳು," ಎಂದಳು ರಾಗಿಣಿ. "ಒಬ್ಬ ಮನುಷ್ಯ ಅದರ ಮುಂದೆ ಹಾದುಹೋದ ನೆರಳು. ಅವರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಯಾರೋ ಒಂದು ತಿಂಗಳು ಅಳೆದಿದ್ದಾರೆ. ಹಿಂದಿನ ಮೆಟ್ಟಿಲಲ್ಲಿ ದಿನವೂ ಆ ಹೊತ್ತಿಗೆ ಇಳಿಯುವವರು ಯಾರು?"

ರಮ್ಯಶ್ರೀ ಮೇಲಕ್ಕೆ, ಚಾವಣಿಯ ಕಡೆಗೆ ನೋಡಿದಳು.

---

ಮೇಲಿನ ಮಹಡಿಯಲ್ಲಿ ಕಟ್ಟಡದ ಯಜಮಾನ ಚನ್ನಕೇಶವ ಚಾಪೆಯ ಮೇಲೆ ಕೂತಿದ್ದರು. ನಾಗರಬಾವಿ ಇನ್ನೂ ರಾಗಿ ಹೊಲವಾಗಿದ್ದ ಕಾಲದ ಮನೆತನ. ಅರವತ್ತು ದಾಟಿದ ಮೈ, ಕ್ಷೌರವಿಲ್ಲದ ಮುಖ.

"ಅಲ್ಲೇ ಕೂತ್ಕೊಳ್ಳಿ ಕಣಮ್ಮ, ಹತ್ರ ಬರಬೇಡಿ. ನಂಗೆ ಸೂತಕ. ಕೆಂಗೇರೀಲಿ ದೊಡ್ಡಪ್ಪ ತೀರ್ಕೊಂಡ್ರು."

ರಾಗಿಣಿ ಹೊಸ್ತಿಲಾಚೆ ಕೂತಳು. "ಮೇಷ್ಟ್ರನ್ನ ಮನೆ ಖಾಲಿ ಮಾಡಿ ಅಂದಿದ್ರಂತೆ ನೀವು."

"ಅಂದಿದ್ದೆ. ಮಗ ಕಟ್ಟಡ ಕೆಡವಿ ಹೊಸದು ಕಟ್ತೀನಿ ಅಂದ. ಅಂದ ಮಾತಿಗೆ ಮೇಷ್ಟ್ರು ಬೇಜಾರೂ ಮಾಡ್ಕೊಳ್ಲಿಲ್ಲ. ಇನ್ನೊಂದು ತಿಂಗಳು ಕೊಡಿ ಸಾಕು, ನನ್ನ ಕೆಲಸ ಮುಗಿಯುತ್ತೆ ಅಂದ್ರು. ಅಂಥ ಸಾಧು."

"ಕೋಣೆಯ ಕೀ ನಿಮ್ಮ ಹತ್ರನೂ ಇದೆ."

"ನನ್ನ ಮನೆ, ನನ್ನ ಕೀ. ಅದಕ್ಕೆ?"

"ಬುಧವಾರ ಸಂಜೆ ಎಲ್ಲಿದ್ರಿ?"

"ಇಲ್ಲೇ. ಒಬ್ಬನೇ. ಮನೆಯವರೆಲ್ಲ ಸಾವಿನ ಸುದ್ದಿ ಕೇಳಿ ಕೆಂಗೇರಿಗೆ ಹೊರಟ್ರು. ನಂಗೆ ಮಂಡಿ ನೋವು, ಬೆಳಿಗ್ಗೆ ಮಣ್ಣಿಗೆ ಬರ್ತೀನಿ ಅಂದೆ." ಮುದುಕ ಕಣ್ಣು ಕಿರಿದು ಮಾಡಿದರು. "ಏನವ್ವ, ನಾನೇ ತಳ್ಳಿದೆ ಅಂತ ಬಂದಿದ್ದೀಯೋ?"

"ನೀವೊಬ್ಬರೇ ಇದ್ರಿ. ಕೀ ಇತ್ತು. ಕಾರಣವೂ ಇತ್ತು. ನಾನು ಬರದಿದ್ದರೆ ಪೊಲೀಸರು ಬರುತ್ತಾರೆ."

"ಬರ್ಲಿ." ಅವರು ನಕ್ಕರು. "ಟಿವಿ ರಿಮೋಟ್ ಒತ್ತೋಕೇ ಮೊಮ್ಮಗಳನ್ನ ಕರೀತೀನಿ ನಾನು. ಆ ಸಾಮಾನು ಓಡಿಸ್ತೀನಾ? ಅದರ ಸಹವಾಸವೇ ಸಾಕಾಗಿತ್ತು."

"ಯಾವುದರ ಸಹವಾಸ?"

"ಅದೇ, ಆ ಪುಟ್ಟ ಗಾಡಿ. ತಿಂಗಳಾಯ್ತು. ಪಟಾಲಮ್ಮಂಗೆ ಸಂಜೆ ದೀಪ ನಮ್ಮನೆ ಸೇವೆ. ನಮ್ಮವ್ವ ಹೋದ್ಮೇಲೆ ಇಪ್ಪತ್ತಾರು ವರ್ಷದಿಂದ ನಾನೇ. ಎಣ್ಣೆ ಗಿಂಡಿ ಹಿಡ್ಕೊಂಡು ಹಿಂದಿನ ಮೆಟ್ಟಿಲಲ್ಲಿ ಇಳೀತಾ ಇದ್ರೆ, ಎರಡನೇ ಮಹಡಿ ಬಾಗಿಲ ಸಂದೀಲಿ ಅದು ಕೂತಿರೋದು. ನಾಯಿಮರಿ ಹಂಗೆ. ಮಕ್ಕಳು ಮರೆತು ಹೋಗವೆ ಅನ್ಕೊಂಡೆ. ಏನಪ್ಪಾ, ಊಟ ಆಯ್ತಾ ಅಂತ ಮಾತಾಡಿಸ್ಕೊಂಡು ಹೋಗ್ತಿದ್ದೆ."

"ಬಾಗಿಲು ತೆರೆದಿರುತ್ತಿತ್ತಾ?"

"ಒಂದು ಗೇಣು. ಒಳಗೆ ಕತ್ಲೆ."

ಆ ಒಂದು ಗೇಣಿನ ಕತ್ತಲೆಯಲ್ಲಿ ನಿಂತು, ಉಸಿರು ಬಿಗಿಹಿಡಿದು, ಮುದುಕನ ಕುಶಲದ ಮಾತನ್ನು ಯಾರೋ ದಿನವೂ ಕೇಳಿಸಿಕೊಂಡಿದ್ದರು.

"ಬುಧವಾರ ನೀವು ಇಳಿಯಲಿಲ್ಲ."

"ಹೆಂಗಿಳೀಲಿ? ನಾಕು ಗಂಟೆಗೆ ಸಾವಿನ ಫೋನ್ ಬಂತು. ಸೂತಕದ ಮೈಯಲ್ಲಿ ಅಮ್ಮನ ದೀಪ ಮುಟ್ಟೋಕಾಗುತ್ತಾ? ಪೂಜಾರಿ ಹನುಮಯ್ಯಂಗೆ ಫೋನ್ ಮಾಡಿ, ನೀನೇ ಹಚ್ಚಪ್ಪ ಅಂದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತಪ್ಪಿದ್ದು ಅವತ್ತೇ."

"ಹನುಮಯ್ಯ ಬಿಟ್ಟು ಇನ್ಯಾರಿಗೆ ಗೊತ್ತಿತ್ತು ಇದು?"

"ಯಾರಿಗೂ ಇಲ್ಲ."

ಅವರು ಹೇಳಿದ್ದು ಅವರಿಗೇ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ತಾನಾಗಿ ಎದೆಯ ಮೇಲೆ ಹೋಯಿತು. ಕಿಟಕಿಯಾಚೆ, ಮಬ್ಬಿನಲ್ಲಿ, ಗುಡಿಯ ದೀಪ ಅಲುಗದೆ ಉರಿಯುತ್ತಿತ್ತು.

"ಅಂದ್ರೆ ಆ ಸಾಮಾನು ಕಾಯ್ತಿದ್ದಿದ್ದು..."

"ನಿಮ್ಮನ್ನ," ಎಂದಳು ರಾಗಿಣಿ. "ಬಾಗಿಲಿಗೆ ಚಿಲಕ ಹಾಕ್ಕೊಳ್ಳಿ ಯಜಮಾನ್ರೆ. ಮನೆಯವರು ಬರುವ ತನಕ ಯಾರಿಗೂ ತೆಗೀಬೇಡಿ."

ಅವಳು ಎದ್ದಾಗ ಮುದುಕ ಹಿಂದಿನಿಂದ ಕರೆದರು. "ನಂಗೆ ಯಾರಮ್ಮ ಕೇಡು ಬಯಸ್ತಾರೆ? ಮೇಷ್ಟ್ರನ್ನೇ ಕೇಳು, ಎಚ್ಚರ ಆದ್ಮೇಲೆ. ಹನ್ನೊಂದು ವರ್ಷದ ಹಿಂದೆ ತಾವಾಗಿ ಹುಡುಕ್ಕೊಂಡು ಬಂದ್ರು. ನಂದಿನಿ ಲೇಔಟಲ್ಲಿ ಇದಕ್ಕಿಂತ ದೊಡ್ಡ ಜಾಗ ಇದೆ ಅಂದ್ರೂ, ನಿಮ್ಮ ಮನೇನೇ ಬೇಕು ಅಂತ ಕೂತ್ರು."

---

ಇನ್ಸ್‌ಪೆಕ್ಟರ್ ರಾಜೇಂದ್ರ ಫೋನಿನಲ್ಲಿ ಸಮಾಧಾನದಿಂದಲೇ ಕೇಳಿಸಿಕೊಂಡರು.

"ಚೆನ್ನಾಗಿದೆ ಮೇಡಂ. ಆದ್ರೆ ಕುಂಕುಮದ ಕಥೆ ತೊಗೊಂಡು ಕೋರ್ಟಲ್ಲಿ ನಿಂತ್ರೆ ನಗ್ತಾರೆ. ರಿಮೋಟ್ ಎಲ್ಲಿ? ಓಡಿಸಿದೋರ ಹತ್ರ ರಿಮೋಟ್ ಇರಬೇಕಲ್ಲ? ಆ ಹುಡುಗ ಓಡುವಾಗ ಎಲ್ಲೋ ಎಸೆದಿದಾನೆ ಅಂತೀನಿ ನಾನು. ಅಲ್ಲ ಅಂದ್ರೆ ತಂದು ತೋರಿಸಿ. ಮೂರೂ ಮುಕ್ಕಾಲಿಗೆ ಹೊರಡ್ತೀವಿ."

ಗೋಡೆಯ ಗಡಿಯಾರ ಮೂರು ಹೊಡೆಯಿತು. ಮಾಲವಿಕಾಳನ್ನು ಅವಳಮ್ಮ ಬಂದು ಕರೆದೊಯ್ದಿದ್ದರು. ಕೋಣೆಯಲ್ಲಿ ಇಬ್ಬರೇ.

"ರಮ್ಯಶ್ರೀ, ಐದೂವರೆಗೆ ತರಗತಿ ಮುಗಿದ ಮೇಲೆ ಇಲ್ಲಿ ಯಾರು ಇರ್ತಾರೆ?"

"ಯಾರೂ ಇರಲ್ಲ. ಮಕ್ಕಳ ಜೊತೆ ನಾನೂ ಹೊರಡ್ತೀನಿ. ಸಾರ್ ಸಂಧ್ಯಾವಂದನೆಗೆ ಮನೆಗೆ ಹೋಗ್ತಾರೆ. ಹಿಂದಿನ ಬೀದೀಲೇ ಮನೆ. ಏಳು ಗಂಟೆಗೆ ವಾಪಸ್ ಬಂದು ದೊಡ್ಡ ಮಕ್ಕಳ ಕ್ಲಾಸ್ ತೊಗೋತಾರೆ. ಬುಧವಾರ ಯಾಕೋ ಬೇಗ ವಾಪಸ್ ಬಂದಿರಬೇಕು."

"ಕೀ ಎಷ್ಟು?"

"ಮೂರು. ಸಾರ್ ಹತ್ರ ಒಂದು, ಚನ್ನಕೇಶವಣ್ಣನ ಹತ್ರ ಒಂದು..." ಅವಳು ಅಲ್ಲಿಗೇ ನಿಂತಳು.

ಚನ್ನಕೇಶವರು ತಮಗೆ ತಾವೇ ಬಲೆ ಹೂಡಿಕೊಳ್ಳುವುದಿಲ್ಲ. ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾರೆ. ಮೂರನೇ ಕೀ ಯಾರ ಚೀಲದಲ್ಲಿದೆಯೋ ಅವರಿಗೆ ಸೆನ್ಸರೂ ಗೊತ್ತು, ರಿಮೋಟೂ ಗೊತ್ತು. ಬೆಳಿಗ್ಗೆಯಿಂದ ಹಿಡಿದುಕೊಂಡು ಬಂದ ದಾರಿ ತಮ್ಮನನ್ನು ಬಿಟ್ಟು ಅಕ್ಕನ ಮುಂದೆ ಬಂದು ನಿಂತಿತ್ತು.

"ನಾನಲ್ಲ ಮೇಡಂ," ರಮ್ಯಶ್ರೀ ನೆಲ ನೋಡುತ್ತ ಹೇಳಿದಳು. "ಐದೂಮುಕ್ಕಾಲಿಗೆ ನಾನು ಬಾಪೂಜಿ ನಗರದ ಬಸ್ಸಲ್ಲಿದ್ದೆ. ಟಿಕೆಟ್ ಎಸೆದುಬಿಟ್ಟೆ. ಯಾರು ನಂಬ್ತಾರೆ?" ತಲೆ ಎತ್ತಿದಳು. "ಆದ್ರೆ ಒಂದು ಮಾತು. ಅವನು ಹೊರಗೆ ಬರ್ತಾನೆ ಅಂದ್ರೆ ನನ್ನ ಹೆಸರೇ ಬರ್ಕೊಳ್ಳಿ. ಜ್ವರ ಬಂದ್ರೂ ಅಕ್ಕ ಅಂತ ಕೂಗೋ ಹುಡುಗ ಅವನು. ಜೈಲಲ್ಲಿ ಯಾರನ್ನ ಕೂಗ್ತಾನೆ?"

"ಬೇಡಮ್ಮ. ಹಂಗೆಲ್ಲ ಅನ್ನಬೇಡ."

ಇಬ್ಬರೂ ತಿರುಗಿದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಅನಂತಲಕ್ಷ್ಮಿ ನಿಂತಿದ್ದರು. ಮೇಷ್ಟ್ರ ಹೆಂಡತಿ. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ. ಮೂರು ದಿನದ ಆಸ್ಪತ್ರೆಯ ವಾಸನೆ ಸೀರೆಗೆ ಅಂಟಿತ್ತು. ಹಣೆಯ ಕುಂಕುಮ ಮಾತ್ರ ಅಚ್ಚುಕಟ್ಟಾಗಿತ್ತು.

ಒಳಗೆ ಬಂದವರು ಮೊದಲು ಕಿಟಕಿಯ ರೋಬೋಟುಗಳನ್ನು ನೋಡಿದರು. ಮೂರನೇದರ ಒರೆಸಿದ ಮುಖದ ಮೇಲೆ ಅವರ ದೃಷ್ಟಿ ಒಂದು ಗಳಿಗೆ ನಿಂತಿತು. ಆಮೇಲೆ ಬರಿದಾದ ಮೊಳೆ.

"ಆ ಹುಡುಗ ತಳ್ಳಲಿಲ್ಲ," ಎಂದರು. "ಅವನು ಓಡಿಹೋದ ಎರಡು ನಿಮಿಷಕ್ಕೆ ಕೋಸಂಬರಿ ಡಬ್ಬಿ ತೊಗೊಂಡು ನಾನು ಬಂದೆ. ಇವರು ಬಿದ್ದಿದ್ರು. ಜನ ಸೇರೋಕ್ಕೆ ಮುಂಚೆ ನಾನೊಂದು ಕೆಲಸ ಮಾಡಿದೆ."

ಸೆರಗಿನ ಗಂಟು ಬಿಚ್ಚಿದರು. ಒಣ ತುಳಸಿಯ ನಡುವೆ ಕಪ್ಪು ರಿಮೋಟೊಂದು ಇತ್ತು. ಬೆನ್ನ ಮೇಲೆ ಬಿಳಿ ಬಣ್ಣದ ಏಳು. ಗುಂಡಿಗಳ ಸಂದಿಯಲ್ಲಿ ಕುಂಕುಮ.

ರಮ್ಯಶ್ರೀ ಬಾಯಿಗೆ ಕೈ ಅಡ್ಡ ಹಿಡಿದಳು.

"ಎಲ್ಲಿತ್ತಮ್ಮ ಇದು?" ರಾಗಿಣಿಯ ದನಿ ತಾನಾಗಿ ತಗ್ಗಿತು.

"ಅವರ ಮುಷ್ಟೀಲಿ. ಬೆರಳು ಒಂದೊಂದಾಗಿ ಬಿಡಿಸಿ ತೊಗೋಬೇಕಾಯ್ತು."

ಮೂರು ಕೀ. ಮೂರು ಜನ. ಬೆಳಿಗ್ಗೆಯಿಂದ ಇಬ್ಬರನ್ನೇ ಅಳೆದು ತೂಗಿದ್ದೆ ಎಂಬುದು ರಾಗಿಣಿಗೆ ಆಗ ಹೊಳೆಯಿತು. ಪೆಟ್ಟು ತಿಂದವರನ್ನು ಯಾರೂ ಎಣಿಸುವುದಿಲ್ಲ.

"ಮೇಷ್ಟ್ರು ಆ ಹೊತ್ತಿಗೆ ಸಂಧ್ಯಾವಂದನೆಗೆ ಮನೆಗೆ..."

"ಬರ್ತಿರಲಿಲ್ಲ. ತಿಂಗಳಾಯ್ತು. ನಾನು ದಿನಾ ಪಂಚಪಾತ್ರೆಗೆ ನೀರು ತುಂಬಿ, ಮಣೆ ಹಾಕಿ ಕಾಯೋದು. ಕತ್ತಲಾದ್ಮೇಲೆ ಆ ನೀರನ್ನ ತುಳಸಿಗೆ ಹಾಕೋದು. ಯಾಕೆ ಬರ್ಲಿಲ್ಲ ಅಂತ ಕೇಳೋ ಧೈರ್ಯ ಬರ್ಲಿಲ್ಲ ನಂಗೆ. ನಲವತ್ತು ವರ್ಷದಲ್ಲಿ ಸಂಧ್ಯೆ ತಪ್ಪಿಸಿದೋರಲ್ಲ."

"ಇಷ್ಟು ದಿನ ಬಚ್ಚಿಟ್ಟುಕೊಂಡಿದ್ರಿ."

"ಬಚ್ಚಿಟ್ಕೊಂಡೆ. ತಪ್ಪು. ಅವರಿಗೆ ಎಚ್ಚರ ಆಗೋದು ಬೇಡ ಅಂತಾನೂ ಒಂದ್ಸಲ ಮನಸ್ಸಿಗೆ ಬಂತು. ಅದು ಅದಕ್ಕಿಂತ ದೊಡ್ಡ ತಪ್ಪು." ಅವರ ಮುಖದಲ್ಲಿ ಅಳುವಿರಲಿಲ್ಲ. "ಇವತ್ತು ಎಚ್ಚರ ಆಯ್ತು. ಮಧ್ಯಾಹ್ನ ಕಣ್ಣು ಬಿಟ್ರು. ನರ್ಸ್ ಆಚೆ ಹೋಗೋವರೆಗೂ ಸುಮ್ಮನಿದ್ದು, ನನ್ನ ಕೈ ಹಿಡ್ಕೊಂಡು ಒಂದೇ ಮಾತು ಕೇಳಿದ್ರು."

"ಏನಂತ?"

"ಚನ್ನಕೇಶವ ಬಿದ್ನಾ, ಅಂತ."

ಮೇಲಿನ ಮಹಡಿಯಲ್ಲಿ ಯಾರೋ ಕಾಲೆಳೆದು ನಡೆದರು. ಕಬ್ಬಿಣದ ಚಿಲಕ ಬಿದ್ದ ಸದ್ದು ಕೆಳಗಿನವರೆಗೂ ಕೇಳಿಸಿತು. ಗಡಿಯಾರದಲ್ಲಿ ಮೂರೂ ಇಪ್ಪತ್ತು.

"ಯಾಕೆ ಅಂತ ನಂಗೆ ಗೊತ್ತಿಲ್ಲ ತಾಯಿ. ದೇವರಾಣೆ ಗೊತ್ತಿಲ್ಲ," ಎಂದರು ಅನಂತಲಕ್ಷ್ಮಿ. "ಬಿದ್ದಿದ್ದು ಇವರು ಹೇಗೆ ಅಂತಾನೂ ಗೊತ್ತಿಲ್ಲ. ಆದ್ರೆ ಇನ್ನೊಬ್ಬರ ಮನೆ ಮಗ ಇವತ್ತು ಜೈಲಲ್ಲಿ ಮಲಗಬಾರದು."

ಹೇಗೆ ಎಂಬುದು ರಾಗಿಣಿಗೆ ಈಗ ಕಾಣುತ್ತಿತ್ತು: ಮುಂದಿನ ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚಿ, ಗಾಡಿಯನ್ನು ಎತ್ತಿಕೊಳ್ಳಲು ಇಳಿದ ಮೇಷ್ಟ್ರು, ತಾವೇ ಕತ್ತಲು ಮಾಡಿಸಿದ ಮೆಟ್ಟಿಲಲ್ಲಿ ತಾವೇ ಅದರ ಮೇಲೆ ಕಾಲಿಟ್ಟಿದ್ದರು. ಅವಳು ಬಿಳಿಯ ಕರವಸ್ತ್ರವನ್ನು ಅಂಗೈ ಮೇಲೆ ಹಾಸಿ ಮುಂದೆ ಚಾಚಿದಳು. ಅನಂತಲಕ್ಷ್ಮಿ ಒಂದು ಹೆಜ್ಜೆ ಹತ್ತಿರ ಬಂದರು. ಹನ್ನೊಂದು ವರ್ಷ ಆ ಕೋಣೆಯಲ್ಲಿ ಮಕ್ಕಳು ನಿಂತ ಹಾಗೆಯೇ ನಿಂತು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಏಳನೇ ರಿಮೋಟನ್ನು ವಾಪಸ್ ಕೊಟ್ಟರು.